ಈಸೂರಿನ ಫಲಕವನ್ನು ಓದುವುದು ಹೇಗೆ?

ಪ್ರತಿ ಆಗಸ್ಟ್‌ನಲ್ಲಿ ನಮ್ಮ ಪತ್ರಿಕೆಗಳು ಈಸೂರನ್ನು ನೆನೆಯುತ್ತವೆ. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ 1942ರ ಸೆಪ್ಟೆಂಬರ್‌ನಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ, ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ವೀರಭದ್ರೇಶ್ವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿತು. ಲೇಖನಗಳ ಧಾಟಿ ಹೆಚ್ಚುಕಮ್ಮಿ ಒಂದೇ: ಬ್ರಿಟಿಷರಿಗೆ ಸವಾಲೆಸೆದ ದೇಶದ ಮೊದಲ ಸ್ವತಂತ್ರ ಗ್ರಾಮ, ಐವರು ಹುತಾತ್ಮರು, ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ. ಸ್ವಾತಂತ್ರ್ಯ ಹೋರಾಟದ ಸ್ಮರಣ ಬರಹಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನ್ನ ಹತ್ತಿರ ಇಂಥವುಗಳ ಒಂದು ದಪ್ಪ ಕಡತವೇ ಇದೆ. ಕಳೆದ ರಜೆಯಲ್ಲಿ ಮತ್ತಿಘಟ್ಟದ ಮನೆಯಲ್ಲಿ, ಅಡಿಕೆ ಸುಲಿಯುತ್ತ ಕೂತವರ ಮುಂದೆ ಅದರಲ್ಲೊಂದನ್ನು ಓದಿದೆ. ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಅಜ್ಜ ಕೇಳಿದ: “ಅಲ್ದೋ ತಮಾ, ಈಸೂರಿಗೆ ಬ್ರಿಟಿಷರು ಬಂದಿದ್ವ?”

ಬಂದಿರಲಿಲ್ಲ. ಅಜ್ಜನಿಗೆ ಈ ಪ್ರಶ್ನೆ ಹೊಳೆದದ್ದು ಸಹಜ. ನಮ್ಮ ಶಿರಸಿ, ಸಿದ್ದಾಪುರ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. 1930ರ ದಶಕದ ಕರನಿರಾಕರಣೆಯಲ್ಲಿ ಜಮೀನು ಜಪ್ತಿ ಮಾಡಿದ್ದು ನೇರ ಬ್ರಿಟಿಷ್ ಆಡಳಿತ. ಪಕ್ಕದ ಸೊರಬ, ಶಿಕಾರಿಪುರದ ಸೀಮೆ ಮೈಸೂರು ಸಂಸ್ಥಾನದ್ದು. ಅಲ್ಲಿ ಕಂದಾಯ ಕೇಳುತ್ತಿದ್ದುದು ಮಹಾರಾಜರ ಸರ್ಕಾರ. ಈಸೂರಿಗೆ ಬಂದದ್ದು ಅಮಲ್ದಾರ್ ಚನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಮತ್ತು ಪೊಲೀಸರು. ಅವರು ಸೇವೆಯಲ್ಲಿದ್ದುದು ಮೈಸೂರು ಸರ್ಕಾರದಲ್ಲಿ.

ಇದು ಹೊಳೆದ ಮೇಲೆ ಊರಿನವರು ಹಾಕಿದ ಫಲಕವನ್ನು ಮತ್ತೆ ಓದಿದೆ. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲ ಎಂಬುದು ಅದರ ಸಾರ. ನಮ್ಮ ಲೇಖಕರು ಇದನ್ನು ಬೈಗುಳದಂತೆ, ‘ಉಡಾಫೆಯ ಅಧಿಕಾರಿಗಳೇ, ಹೊರಗಿರಿ’ ಎಂಬಂತೆ ಓದುತ್ತಾರೆ. ಆದರೆ ಆ ಕಾಲದ ಮೈಸೂರಿನಲ್ಲಿ ‘ಜವಾಬ್ದಾರಿ ಸರ್ಕಾರ’ ಒಂದು ರಾಜಕೀಯ ಪಾರಿಭಾಷಿಕ ಪದ. ಜನರ ಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಸರ್ಕಾರ ಎಂದರ್ಥ. 1938ರ ಶಿವಪುರ ಧ್ವಜ ಸತ್ಯಾಗ್ರಹದ ಹಿಂದೆಯೂ ಈ ಬೇಡಿಕೆಯಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನ ಜನ ಇದಕ್ಕಾಗಿ ‘ಮೈಸೂರು ಚಲೋ’ ನಡೆಸಬೇಕಾಯಿತು. ಹಾಗಾಗಿ ಈಸೂರಿನ ಫಲಕದಲ್ಲಿರುವುದು ಬೈಗುಳವಲ್ಲ, ವಾದ. ನಮಗೆ ಉತ್ತರದಾಯಿಯಲ್ಲದ ಸರ್ಕಾರಕ್ಕೆ ನಮ್ಮ ಊರಿನಲ್ಲಿ ಕೆಲಸವೇನು? ಈ ಪ್ರಶ್ನೆಗೆ ಎದುರಾಳಿ ವಿದೇಶಿಯೇ ಆಗಿರಬೇಕೆಂದಿಲ್ಲ. ಸ್ಮರಣ ಲೇಖನಗಳು ಎದುರಾಳಿಯನ್ನು ‘ಬ್ರಿಟಿಷರು’ ಎಂದು ತಿದ್ದಿದ ಕೂಡಲೇ ಪ್ರಶ್ನೆ 1947ಕ್ಕೆ ಮುಗಿದುಹೋಗುತ್ತದೆ. ಮುಗಿಸುವುದೇ ಅನುಕೂಲ ಇರಬಹುದು.

(‘ದೇಶದ ಮೊದಲ’ ಎಂಬ ಪಟ್ಟದ ಬಗ್ಗೆಯೂ ನನಗೆ ಉತ್ಸಾಹವಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬಲಿಯಾದಲ್ಲಿ ಚಿತ್ತೂ ಪಾಂಡೆಯವರ ಮುಂದಾಳತ್ವದಲ್ಲಿ ಜನರ ಸರ್ಕಾರ ನಿಂತಿತ್ತು. ಈಸೂರಿಗೆ ಈ ಪೈಪೋಟಿ ಬೇಕಿಲ್ಲ.)

ಘೋಷಣೆಯ ಶ್ಲೇಷೆಯನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಅದಕ್ಕಿಂತ ಕಾಡುವುದು ಆ ದಿನಗಳ ವೇಷಗಾರಿಕೆ. ಊರಿನವರು ತಮ್ಮದೇ ಸರ್ಕಾರ ಕಟ್ಟಿ ಒಬ್ಬ ಹುಡುಗನನ್ನು ಅಮಲ್ದಾರ, ಇನ್ನೊಬ್ಬನನ್ನು ಸಬ್ ಇನ್‌ಸ್ಪೆಕ್ಟರ್ ಮಾಡಿದರು. ದೊಡ್ಡವರ ಅಧಿಕಾರವನ್ನು ಮಕ್ಕಳ ಮೈಮೇಲೆ ಹಾಕಿ ತೋರಿಸುವ ಈ ಅಣಕ ಬಯಲಾಟದ ಹಾಸ್ಯಗಾರನಿಗೆ ಒಪ್ಪುವಂಥದ್ದು. ನಿಜವಾದ ಅಮಲ್ದಾರರು ಬಂದಾಗ ಅವರಿಗೂ ಗಾಂಧಿ ಟೋಪಿ ತೊಡಿಸುವ ಪಟ್ಟು ಹಿಡಿದರು. ಆದರೆ ಆಟದೊಳಗೆ ಬರಲು ಒಪ್ಪದವರ ತಲೆಗೆ ಟೋಪಿ ಇಟ್ಟರೆ ಅದು ಆಟವಾಗಿ ಉಳಿಯುವುದಿಲ್ಲ. ಘರ್ಷಣೆಯಾಯಿತು. ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಜನರ ಕೈಯಲ್ಲಿ ಸತ್ತರು.

ನನ್ನ ಕಡತದ ಬಹುತೇಕ ಲೇಖನಗಳು ಇಲ್ಲಿ ಓಡತೊಡಗುತ್ತವೆ. ಎರಡು ಸಾವುಗಳಿಗೆ ಅರ್ಧ ವಾಕ್ಯ, ಅದೂ ‘ಅನಾಹುತ ನಡೆದುಹೋಯಿತು’ ಎಂಬ ಕರ್ತೃವಿಲ್ಲದ ವಾಕ್ಯ. ಕೂಡಲೇ ನೇಣುಗಂಬ: 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಆ ಐವರ ಗೌರವ ಕಾಪಾಡಲೆಂದೇ ಹೀಗೆ ಬರೆಯುತ್ತಾರೆ ಎಂಬುದು ನನಗೆ ಗೊತ್ತು. ಪರಿಣಾಮ ಮಾತ್ರ ತಿರುಗುಮುರುಗು. ಕರ್ತೃವನ್ನು ಅಳಿಸಿದ ವಾಕ್ಯದಲ್ಲಿ ಊರಿನ ಸಿಟ್ಟೂ ಅಳಿಯುತ್ತದೆ. ಐವರು ಯಾವುದೋ ದುರದೃಷ್ಟಕ್ಕೆ ಸಿಕ್ಕವರಂತೆ ಕಾಣುತ್ತಾರೆ. ಸತ್ತ ಇಬ್ಬರ ಹೆಸರನ್ನೂ ಅದೇ ಪುಟದಲ್ಲಿ ಬರೆದರೆ ಹುತಾತ್ಮರು ಚಿಕ್ಕವರಾಗುತ್ತಾರೆಂದು ನನಗನ್ನಿಸುವುದಿಲ್ಲ.

ಸಿದ್ದಮ್ಮ, ಹಾಲಮ್ಮ, ಪಾರ್ವತಮ್ಮ ಎಂಬ ಮೂವರಿಗೆ ಇದೇ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಲೇಖನಗಳಲ್ಲಿ ಅವರು ಕೊನೆಯ ಪ್ಯಾರಾದಲ್ಲಿ, ‘ಮಹಿಳೆಯರೂ ಹಿಂದೆ ಬೀಳಲಿಲ್ಲ’ ಎಂಬ ಸವಕಲು ಮಾತಿನ ಬೆನ್ನಿಗೆ ಬರುತ್ತಾರೆ. ಅಜ್ಜನಿಗೆ ಆ ಹೆಸರುಗಳನ್ನು ಓದಿ ಹೇಳಿದೆ. ಅವನು ನಮ್ಮ ಮಾವಿನಗುಂಡಿಯ ಮಾತೆತ್ತಿದ. ಕರನಿರಾಕರಣೆಯ ಹೆಂಗಸರಿಗೆಂದೇ ಅಲ್ಲೊಂದು ಸ್ಮಾರಕವಿದೆ. ಜೋಗ ನೋಡಲು ಹೋಗುವಾಗ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ. ಒಮ್ಮೆಯೂ ಇಳಿದು ನೋಡಿರಲಿಲ್ಲ.