ಅನ್ಯಲೋಕದವರು ಬಂದರೆ ಮಾತನಾಡುವುದು ಹೇಗೆ?

1977ರಲ್ಲಿ ಹಾರಿಬಿಟ್ಟ ಎರಡು ವಾಯೇಜರ್ ನೌಕೆಗಳಲ್ಲೂ ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆ ಇದೆ. ಅದರಲ್ಲಿರುವ 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಒಂದು ಎಂಬುದು ನಿಮಗೆ ಗೊತ್ತೆ? ವಾಯೇಜರ್-1 ಇನ್ನೊಂದು ನಕ್ಷತ್ರದ ಬಳಿ ಹಾದುಹೋಗಲು ಸುಮಾರು 40 ಸಾವಿರ ವರ್ಷಗಳು ಬೇಕು. ಅಲ್ಲಿ ಯಾರಾದರೂ ಇದ್ದು, ನಮ್ಮ ಕನ್ನಡವನ್ನು ಕೇಳಿದರೆನ್ನಿ. ಅವರಿಗೆ ಅದರ ಅರ್ಥವಾಗುವುದಾದರೂ ಹೇಗೆ?

ಅನ್ಯಗ್ರಹ ಜೀವಿಗಳ ಚಲನಚಿತ್ರಗಳನ್ನು ಅಳೆಯಲು ಈ ಪ್ರಶ್ನೆ ಒಳ್ಳೆಯ ಅಳತೆಗೋಲು. ನಿಮ್ಮ ವಿದ್ಯಾರ್ಥಿಗಳು ಮೆಚ್ಚಿ ನೋಡುವ ಮೂರು ಚಿತ್ರಗಳನ್ನು ಇದರಿಂದ ಅಳೆದು ನೋಡೋಣ.

ಮೊದಲನೆಯದು ರಾಕೇಶ್ ರೋಷನ್ ನಿರ್ದೇಶನದ ಹಿಂದಿ ಚಿತ್ರ 'ಕೋಯಿ ಮಿಲ್ ಗಯಾ' (2003). ಇಲ್ಲಿ ಕಂಪ್ಯೂಟರ್‌ನಿಂದ 'ಓಂ' ನಾದವನ್ನು ಕಳುಹಿಸಿದರೆ ಸಾಕು, ಅನ್ಯಲೋಕದ ನೌಕೆ ಬಂದೇ ಬಿಡುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದು 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿಗೆ ರೇಡಿಯೊ ಅಲೆ ಹೋಗಿ ಉತ್ತರ ಬರಲು ಎಂಟು ವರ್ಷಕ್ಕೂ ಮಿಗಿಲಾಗಿ ಕಾಯಬೇಕು. ಮಕ್ಕಳ ಕಥೆಯೆಂದು ಇದನ್ನು ಕ್ಷಮಿಸಬಹುದು. ಆದರೆ ಶಿಕ್ಷಕರು ಗಮನಿಸಬೇಕಾದ ದೋಷ ಬೇರೆಯೇ ಇದೆ. ಬುದ್ಧಿಯ ಬೆಳವಣಿಗೆ ಕುಂಠಿತವಾದ ನಾಯಕನಿಗೆ 'ಜಾದು' ತನ್ನ ಶಕ್ತಿಯಿಂದ ಜಾಣತನವನ್ನೂ ಬಲವನ್ನೂ ಕೊಡುತ್ತದೆ. ಕೊನೆಯಲ್ಲಿ ಕಳೆದುಹೋದ ಶಕ್ತಿಯನ್ನೂ ಮರಳಿಸುತ್ತದೆ. ಅಂದರೆ ಹಿಂದುಳಿದ ಮಗು ಪವಾಡದಿಂದ ಜಾಣನಾದ ಮೇಲಷ್ಟೇ ಗೆಲ್ಲಬಲ್ಲದು! ಇಲ್ಲಿ ಅನ್ಯಗ್ರಹದ ಅತಿಥಿ ವರ ಕೊಡುವ ದೇವರಾಗಿದ್ದಾನೆ, ಅಷ್ಟೇ.

ಎರಡನೆಯದು ರಾಬರ್ಟ್ ಝೆಮೆಕಿಸ್ ಅವರ 'ಕಾಂಟ್ಯಾಕ್ಟ್' (1997). ಇದರ ಮೂಲ ಕಾದಂಬರಿಯನ್ನು ಬರೆದವರು ವಾಯೇಜರ್ ಧ್ವನಿಮುದ್ರಿಕೆಯ ಸಮಿತಿಗೆ ಮುಖ್ಯಸ್ಥರಾಗಿದ್ದ ಕಾರ್ಲ್ ಸೇಗನ್. ಅಭಿಜಿತ್ ನಕ್ಷತ್ರದ ದಿಕ್ಕಿನಿಂದ 2, 3, 5, 7 ಎಂದು 101ರವರೆಗೆ ಅವಿಭಾಜ್ಯ ಸಂಖ್ಯೆಗಳ ಮಿಡಿತ ಕೇಳಿಸುತ್ತದೆ. ನಮಗೆ ತಿಳಿದ ಯಾವ ನೈಸರ್ಗಿಕ ಆಕರವೂ ಹೀಗೆ ಎಣಿಸುವುದಿಲ್ಲ. ಭಾಷೆ ಬೇರೆಯಾದರೂ ಗಣಿತ ಒಂದೇ ಎಂಬುದು ಇಲ್ಲಿನ ತರ್ಕ. ಸಂದೇಶದೊಳಗೆ 1936ರ ಬರ್ಲಿನ್ ಒಲಿಂಪಿಕ್ಸ್‌ನ ಟೆಲಿವಿಷನ್ ಪ್ರಸಾರ ಅಡಗಿರುತ್ತದೆ. ಅಭಿಜಿತ್ 25 ಜ್ಯೋತಿರ್ವರ್ಷ ದೂರದಲ್ಲಿದೆ. ಹೋಗಿ ಬರಲು 50 ವರ್ಷ. ಅಂದರೆ 1986ರ ನಂತರ ಉತ್ತರ ಬರಬಹುದು. ಲೆಕ್ಕ ಸರಿಯಾಗಿದೆ! ನಾಯಕಿ ಹೆಡ್‌ಫೋನ್ ಹಾಕಿಕೊಂಡು ಸಂಕೇತವನ್ನು ಕೇಳುವುದು ಮಾತ್ರ ಸಿನಿಮೀಯ. ನಿಜವಾದ ಶೋಧದಲ್ಲಿ ಕಂಪ್ಯೂಟರ್‌ಗಳು ಏಕಕಾಲದಲ್ಲಿ ಲಕ್ಷಾಂತರ ಕಂಪನಾಂಕಗಳನ್ನು ಜಾಲಾಡುತ್ತವೆ.

ಮೂರನೆಯದು ಡೆನಿ ವಿಲ್ನವ್ ಅವರ 'ಅರೈವಲ್' (2016). ಇಲ್ಲಿ ನಾಯಕಿ ಭಾಷಾವಿಜ್ಞಾನಿ. ಫಲಕದ ಮೇಲೆ 'ಮನುಷ್ಯ' ಎಂದು ಬರೆದು ತನ್ನನ್ನು ತೋರಿಸಿಕೊಳ್ಳುತ್ತಾಳೆ. ಒಂದನೇ ತರಗತಿಯ ಶಿಕ್ಷಕಿ ಮಾಡುವುದೂ ಇದನ್ನೇ. ಏಳು ಕಾಲಿನ ಜೀವಿಗಳ ಒಂದು ಚಿಹ್ನೆ 'ಆಯುಧ'ವೋ 'ಉಪಕರಣ'ವೋ ತಿಳಿಯದೆ ದೇಶಗಳು ಯುದ್ಧದ ಅಂಚಿಗೆ ಬರುತ್ತವೆ. ಹೊಸ ಭಾಷೆ ಕಲಿತರೆ ಭವಿಷ್ಯವೇ ಕಾಣುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಆದರೂ ಅರ್ಥೈಸುವ ಕೆಲಸದ ಕಷ್ಟವನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಚಿತ್ರಗಳು ವಿರಳ.

ಈ ಕಷ್ಟವನ್ನು ತಿಳಿಯಲು ಆಕಾಶವನ್ನೇ ನೋಡಬೇಕಾಗಿಲ್ಲ. ವಾಡಿ ಇರುವ ಚಿತ್ತಾಪುರ ತಾಲ್ಲೂಕಿನಲ್ಲೇ ಭೀಮಾ ನದಿಯ ದಂಡೆಯ ಮೇಲೆ ಸನ್ನತಿ ಇದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಜನರಿಗಾಗಿಯೇ ಕೊರೆಸಿದ ಸಂದೇಶ ಓದುವವರಿಲ್ಲದೆ ಪೀಠವಾಗಿತ್ತು. ವಿಗ್ರಹ ನಿಲ್ಲಿಸಲು ಕೊರೆದ ರಂಧ್ರದಿಂದ ಕೆಲವು ಅಕ್ಷರಗಳು ನಾಶವಾಗಿದ್ದವು. ಆದರೂ ಅದನ್ನು ಓದಲು ಸಾಧ್ಯವಾಯಿತು. ಹೇಗೆ?

ಎರಡು ಕಾರಣಗಳಿವೆ. ಮೊದಲನೆಯದು, ಬ್ರಾಹ್ಮಿ ಲಿಪಿಯ ಕೀಲಿಕೈ ಆಗಲೇ ಸಿಕ್ಕಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಚಿಕ್ಕ ಬರಹಗಳು ಒಂದೇ ಅಕ್ಷರಗಳಿಂದ ಮುಗಿಯುವುದನ್ನು ಗಮನಿಸಿ, ಅದು 'ದಾನಂ' ಇರಬೇಕೆಂದು ಊಹಿಸಿದರು. ಎರಡನೆಯದು, ಸನ್ನತಿಯ ಕಲ್ಲಿನಲ್ಲಿರುವ ಶಾಸನಗಳ ಪಾಠಗಳು ಬೇರೆಡೆಯೂ ಇವೆ. ಅದರ ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲೂ ಸಿಗುತ್ತವೆ. ಪುನರಾವರ್ತನೆಯೇ ಸಂದೇಶವನ್ನು ಉಳಿಸಿತು.

ಈಗ ಚಿತ್ರಗಳತ್ತ ಮರಳೋಣ. ಗುಡಿಗೆ ದಾನ ಕೊಡುವ ಪದ್ಧತಿ ನಮಗೆ ಪರಿಚಿತವಾದ್ದರಿಂದ 'ದಾನಂ' ಹೊಳೆಯಿತು. ಅನ್ಯಲೋಕದವರೊಡನೆ ಹಂಚಿಕೊಂಡ ಅಂತಹ ಪದ್ಧತಿ ಯಾವುದಿದೆ? 'ಕಾಂಟ್ಯಾಕ್ಟ್' ಗಣಿತ ಎನ್ನುತ್ತದೆ. 'ಅರೈವಲ್' ಎದುರುಬದುರು ನಿಂತು ತೋರಿಸಿ ಕಲಿಯುವುದು ಎನ್ನುತ್ತದೆ. 'ಕೋಯಿ ಮಿಲ್ ಗಯಾ' ಪ್ರಶ್ನೆಯನ್ನೇ ಕೇಳುವುದಿಲ್ಲ.

ಪುನರಾವರ್ತನೆಯ ಮಾತೂ ಹಾಗೆಯೇ. 1977ರ ಆಗಸ್ಟ್ 15ರಂದು ಅಮೆರಿಕದ ಒಹಾಯೋದ ರೇಡಿಯೊ ದೂರದರ್ಶಕಕ್ಕೆ 72 ಸೆಕೆಂಡುಗಳ ಪ್ರಬಲ ಸಂಕೇತವೊಂದು ಸಿಕ್ಕಿತು. 'ವಾವ್' ಎಂದು ಹೆಸರಾದ ಅದು ಮತ್ತೆ ಬರಲೇ ಇಲ್ಲ. ಆದ್ದರಿಂದಲೇ ವಿಜ್ಞಾನಿಗಳು ಅದನ್ನು ಅನ್ಯಲೋಕದ ಕರೆಯೆಂದು ಒಪ್ಪಿಲ್ಲ. 'ಕಾಂಟ್ಯಾಕ್ಟ್'ನ ನಾಯಕಿಯ ಬಳಿಯೂ ಕೊನೆಗೆ ತನ್ನ ಪ್ರಯಾಣಕ್ಕೆ ಪುರಾವೆ ಇರುವುದಿಲ್ಲ. ಭೂಮಿಯ ಗಡಿಯಾರದಲ್ಲಿ ಕ್ಷಣಮಾತ್ರ ಕಳೆದರೂ ಆಕೆಯ ಕ್ಯಾಮೆರಾದಲ್ಲಿ 18 ಗಂಟೆಗಳ ಗೊರಗೊರ ಶಬ್ದ ದಾಖಲಾಗಿತ್ತು ಎಂಬ ವಿಷಯವನ್ನು ಅಧಿಕಾರಿಗಳು ಮುಚ್ಚಿಡುತ್ತಾರೆ. ಇದು ಸಾಕಷ್ಟು ಸಾಕ್ಷ್ಯವೇ? ತರಗತಿಯಲ್ಲಿ ಚರ್ಚೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗದು.

ಹಾರುವ ತಟ್ಟೆಗಳ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಈ ಚಿತ್ರಗಳನ್ನು ತೋರಿಸಿ, 'ನಿಜವೇ?' ಎಂದು ಕೇಳುವ ಬದಲು 'ಹೇಗೆ ಗೊತ್ತಾಯಿತು? ಮತ್ತೆ ಪರೀಕ್ಷಿಸಬಹುದೆ?' ಎಂದು ಕೇಳಲು ಕಲಿಸಿ. ಸಾಧ್ಯವಾದರೆ ಒಮ್ಮೆ ಸನ್ನತಿಗೂ ಕರೆದೊಯ್ಯಿರಿ.