‘ಇಂಚಿಂತಾ’ ಶಬ್ದದ ವ್ಯುತ್ಪತ್ತಿ: ಒಂದು ವಿಮರ್ಶೆ

ಇಟಲಿಯ ಭಾಷೆಯಲ್ಲಿ ಗರ್ಭಿಣಿಯನ್ನು ‘ಇಂಚಿಂತಾ’ ಎನ್ನುವರು. ಫ್ರೆಂಚಿನ ‘ಆಂಸ್ಯಾಂತ್’ ಇದರ ಸೋದರರೂಪ. ‘ನಡುಪಟ್ಟಿ ಇಲ್ಲದವಳು’ ಎಂಬುದೇ ಈ ಶಬ್ದದ ಮೂಲಾರ್ಥವೆಂದು ಹೇಳಿ, ರೋಮನ್ ಸ್ತ್ರೀಯರು ಗರ್ಭ ಧರಿಸಿದಾಗ ನಡುಪಟ್ಟಿಯನ್ನು ಕಳಚುತ್ತಿದ್ದರೆಂಬ ಆಚಾರವನ್ನೂ ಅದರಿಂದ ಊಹಿಸುವುದುಂಟು. ಒಂದು ಶಬ್ದದ ಮೇಲೆ ಆಚಾರವೊಂದನ್ನು ಕಟ್ಟುವ ಮುನ್ನ ಆ ಶಬ್ದದ ಸಾಕ್ಷ್ಯವನ್ನು ಪರೀಕ್ಷಿಸುವುದು ಚರಿತ್ರಕಾರನಿಗೆ ಅವಶ್ಯಕ.

ಈ ಅರ್ಥಕ್ಕೆ ಆಧಾರ ಸೆವಿಲ್ಲದ ಬಿಷಪ್ ಇಸಿದೋರನ (ಸು. 560–636) ವಾಕ್ಯ. ತನ್ನ ‘ಎತಿಮೊಲೊಗಿಯೇ’ ಎಂಬ ಕೋಶದ 20 ಕಾಂಡಗಳಲ್ಲಿ 10ನೆಯದರಲ್ಲಿ ಆತನು ‘ಇನ್‌ಕಿಂಕ್ತಾ’ ಎಂದರೆ ಕಟ್ಟಿಲ್ಲದವಳು, ಬಸಿರು ನಡುವನ್ನು ಬಿಗಿಯಗೊಡದು, ಎಂದು ವಿವರಿಸುತ್ತಾನೆ. ವಿವರಣೆ ಮನೋಹರವಾಗಿದೆ, ಒಪ್ಪುವುದು ಕಷ್ಟ. ಲ್ಯಾಟಿನ್ನಿನ ‘ಇನ್’ ಉಪಸರ್ಗಕ್ಕೆ ನಿಷೇಧಾರ್ಥವಿರುವುದು ನಿಜ. ಆದರೆ ‘ಇನ್‌ಕಿಂಗೆರೆ’ ಎಂಬ ಕ್ರಿಯಾಪದಕ್ಕೆ ಸುತ್ತಿಕಟ್ಟುವುದೆಂದೇ ಅರ್ಥ. ಓವಿದ್ ಕವಿಯ ‘ಫಾಸ್ತಿ’ಯಲ್ಲಿ ಚಿತ್ರವಸ್ತ್ರಗಳನ್ನು ಕಟ್ಟಿಕೊಂಡ ಋತುದೇವಿಯರಿಗೆ ಇದೇ ಶಬ್ದ ವಿಶೇಷಣವಾಗಿ ಬಂದಿದೆ. ಕಟ್ಟು ಬಿಚ್ಚಿದವರಿಗೆ ‘ದಿಸ್ಕಿಂಕ್ತುಸ್’ ಎಂಬ ಬೇರೆ ಶಬ್ದವೇ ಇದ್ದಿತು. ತಪ್ಪಿತಸ್ಥ ಸೇನಾಧಿಕಾರಿಗಳನ್ನು ಅಗಸ್ಟಸ್ ಚಕ್ರವರ್ತಿ ಕೆಲವೊಮ್ಮೆ ಸೊಂಟಪಟ್ಟಿಯಿಲ್ಲದೆ ದಿನವೆಲ್ಲ ನಿಲ್ಲಿಸುತ್ತಿದ್ದನೆಂದು ಸುಯೆತೋನಿಯುಸ್ ಬರೆಯುವಾಗ ಬಳಸಿರುವುದು ಅದನ್ನೇ. ಗರ್ಭಿಣಿಯ ವಿಷಯದಲ್ಲಿ ಮಾತ್ರ ಜನರು ಈ ಸಿದ್ಧಶಬ್ದವನ್ನು ಬಿಟ್ಟು ವಿರುದ್ಧಾರ್ಥದ ಪದವನ್ನು ಆರಿಸಿಕೊಂಡರೇಕೆ?

ವಿದ್ವಾಂಸರಲ್ಲಿ ಭಿನ್ನಮತವಿದೆ. ನನಗೆ ಯುಕ್ತವಾಗಿ ತೋರುವುದು ‘ಇನ್‌ಕಿಯೆನ್ಸ್’ ಎಂಬ ಹಳೆಯ ಪದದಿಂದ ಹೊರಡುವ ಪಕ್ಷ. ಕ್ರಿ.ಪೂ. 1ನೆಯ ಶತಮಾನದ ವರ್ರೋ ತನ್ನ ಕೃಷಿಗ್ರಂಥದಲ್ಲಿ, ಗಬ್ಬದ ಕುರಿಗಳನ್ನು ಪ್ರತ್ಯೇಕವಾಗಿ ಕೂಡಬೇಕೆನ್ನುವಾಗ ಈ ಪದವನ್ನು ಪ್ರಯೋಗಿಸಿದ್ದಾನೆ. ಗ್ರೀಕಿನ ‘ಎಂಕ್ಯೊಸ್’, ಸಂಸ್ಕೃತದ ‘ಶ್ವಿ’ ಧಾತು ಇದರ ಜ್ಞಾತಿಗಳು; ಮೂಲದಲ್ಲಿರುವ ಭಾವ ಉಬ್ಬುವಿಕೆ, ಪಟ್ಟಿಯ ಮಾತೇ ಇಲ್ಲ. ಕುರಿಹಟ್ಟಿಯ ಈ ಪದ ಅಪರಿಚಿತವಾದಂತೆ, ಜನರು ಅದರಲ್ಲಿ ಪರಿಚಿತವಾದ ‘ಕಿಂಕ್ತಾ’ವನ್ನು ಕೇಳಿಸಿಕೊಂಡಿರಬೇಕು. ಹಾಗಿದ್ದಲ್ಲಿ ಇಸಿದೋರನು ಶಬ್ದದ ಹುಟ್ಟಿಗೆ ಸಾಕ್ಷಿಯಲ್ಲ. ಆ ಹೊತ್ತಿಗೆ ಶಬ್ದ ಪಡೆದಿದ್ದ ಹೊಸ ರೂಪಕ್ಕೆ ಮಾತ್ರ ಸಾಕ್ಷಿ. ಅಷ್ಟರಮಟ್ಟಿಗೆ ಆತನು ನಮಗೆ ಅಮೂಲ್ಯನೇ.

ಇನ್ನು ಆಚಾರದ ಪ್ರಶ್ನೆ. ವಧುವಿನ ನಡುಪಟ್ಟಿಗೆ ಹರ್ಕ್ಯುಲಿಸ್ ಗಂಟನ್ನು ಹಾಕುತ್ತಿದ್ದುದನ್ನೂ ವರನು ಅದನ್ನು ಬಿಚ್ಚುತ್ತಿದ್ದುದನ್ನೂ ಫೆಸ್ತುಸ್ ದಾಖಲಿಸಿದ್ದಾನೆ. ಅದು ವಿವಾಹದ ವಿಧಿ. ಗರ್ಭಿಣಿಯ ವಿಷಯದಲ್ಲಿ ಓವಿದನು ಹೇಳುವುದು ಬೇರೆ: ಪ್ರಸವದೇವತೆಯಾದ ಲೂಕಿನಾಳನ್ನು ಪ್ರಾರ್ಥಿಸುವವಳು ಮುಡಿಯನ್ನು ಬಿಚ್ಚಿರಬೇಕು. ಅಲ್ಲಿ ಆಕೆಗೆ ಅವನು ಕೊಡುವ ಹೆಸರು ‘ಗ್ರವಿದಾ’, ಭಾರ ಹೊತ್ತವಳು. ಧಾತುವಿನಲ್ಲಿಯೂ ಅರ್ಥದಲ್ಲಿಯೂ ಅಮರಕೋಶದ ‘ಗುರ್ವಿಣಿ’ಯೇ.