ಯಂತ್ರದೊಳಗಿನ ಊರು, ಊರ ಹೊರಗಿನ ರಾಲ್ಫ್

ಕಂಪ್ಯೂಟರಿಗೆ ಜಾತಿ ಇಲ್ಲ ಎಂದು ಹೇಳುವವರು ನಮಗೆ ಬೆಂಗಳೂರಿನಲ್ಲೂ ಸಿಗುತ್ತಾರೆ, ರಾಯಚೂರಿನಲ್ಲೂ ಸಿಗುತ್ತಾರೆ. ಅದರೊಳಗ ಇರೋದು ಸೊನ್ನೆ ಮತ್ತು ಒಂದು, ಅಷ್ಟ ಅಲ್ಲೇನ್ರಿ, ಜಾತಿ ಎಲ್ಲಿಂದ ಬರಬೇಕು ಅಂತಾರೆ. ಆಯ್ತು, ಯಂತ್ರದ ಮಾತು ಬಿಡೋಣ. ಆ ಸೊನ್ನೆ-ಒಂದುಗಳಿಗೆ ಕೈಕಾಲು ಕೊಟ್ಟು, ಬಾಯಿ ಕೊಟ್ಟು, ಪ್ರೋಗ್ರಾಮುಗಳೇ ಜೀವಂತ ಮನುಷ್ಯರಂತೆ ಓಡಾಡುವ ಲೋಕಗಳನ್ನು ಕಟ್ಟಿದ ಕಥೆಗಾರರಿದ್ದಾರಲ್ಲ, ಅವರ ಮಾತು ಆಡೋಣ. ಅಮೆರಿಕ, ಕೆನಡಾಗಳಲ್ಲಿ ಕುಳಿತು, ದೇವದುರ್ಗ ಎಂಬುದೊಂದು ಊರಿದೆ ಎಂದೂ ಕೇಳಿರದ ಈ ಮಂದಿ ಯಂತ್ರದೊಳಗೆ ಊರು ಕಟ್ಟಿದರು. ಊರಿನ ಹೊರಗೆ ಒಂದು ಕೇರಿಯನ್ನೂ ಕಟ್ಟಿದರು.

ಮೊದಲು 1982ರ 'ಟ್ರಾನ್'. ಸ್ಟೀವನ್ ಲಿಸ್‌ಬರ್ಗರ್ ನಿರ್ದೇಶಿಸಿದ, ಡಿಸ್ನಿ ಕಂಪನಿಯ ಚಿತ್ರ. ಅಲ್ಲಿ ಪ್ರತಿ ಪ್ರೋಗ್ರಾಮಿಗೂ ಮೇಲೊಬ್ಬ 'ಯೂಸರ್' ಇದ್ದಾನೆ. ಪ್ರೋಗ್ರಾಮುಗಳಿಗೆ ಅವನೇ ದೇವರು. ಯೂಸರನನ್ನು ನಂಬುವ ಪ್ರೋಗ್ರಾಮುಗಳನ್ನು ಹಿಡಿದು, ಸಾಯುವ ತನಕ ಆಟ ಆಡಿಸುವ ಒಬ್ಬ ಸರ್ವಾಧಿಕಾರಿಯೂ ಇದ್ದಾನೆ. ಚಿತ್ರದ ಮೊದಲಿಗೇ ಹೀಗೆ ಸೆರೆ ಸಿಕ್ಕವನು ಕ್ರಾಮ್ ಎಂಬ ದುಂಡನೆಯ ಪಾಪದ ಪ್ರಾಣಿ. ಅವನು ಯಾರು ಅಂತೀರಿ? ಒಂದು ಸಾಲದ ಸಂಸ್ಥೆಯಲ್ಲಿ ದುಡಿಯುವ ಚಕ್ರಬಡ್ಡಿಯ ಪ್ರೋಗ್ರಾಮು! ಚಕ್ರಬಡ್ಡಿಯನ್ನು ಹೊಡೆದು ತಳ್ಳಿಕೊಂಡು ಹೋಗುತ್ತಾರೆ, ಕೊನೆಗೆ ಆಟದಲ್ಲಿ ಕೆಳಗೆ ಬೀಳಿಸಿ ಸಾಯಿಸುತ್ತಾರೆ, ನೋಡುವವರು ಅಯ್ಯೋ ಅನ್ನಬೇಕು.

ಮಾನ್ವಿಯ ಕಾಲುವೆಯ ಕೊನೆಗೆ ಹೊಲ ಇರುವ ಯಾವ ರೈತನಾದರೂ ಇದಕ್ಕೆ ಅಯ್ಯೋ ಅಂದಾನೆಯೇ? ತುಂಗಭದ್ರೆಯ ನೀರು ಅವನ ಹೊಲಕ್ಕೆ ಬರುವುದು ಖಾತ್ರಿಯಿಲ್ಲ. ಬಡ್ಡಿ ಮಾತ್ರ ವಾರ ತಪ್ಪದೆ ಬಾಗಿಲಿಗೆ ಬರುತ್ತದೆ. ಸಣ್ಣ ಸಾಲದ ಕಂಪನಿಗಳ ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಚಕ್ರಬಡ್ಡಿ ನಮ್ಮ ಕಡೆ ಸೆರೆಯಾಳಲ್ಲ, ಸೆರೆ ಹಿಡಿಯುವವನು. ಲಿಸ್‌ಬರ್ಗರ್ ಬಡ್ಡಿಯನ್ನು ಬ್ಯಾಂಕಿನ ಒಳಗಿನಿಂದ ನೋಡಿದರು, ನಾವು ಹೊಸ್ತಿಲಾಚೆಯಿಂದ ನೋಡುತ್ತೇವೆ. ಆದರೆ ಈ ಚಿತ್ರ ಒಂದು ನಿಜವನ್ನು ಹಿಡಿದಿದೆ. ಅದರಲ್ಲಿ ಪ್ರೋಗ್ರಾಮಿನ ಪಾತ್ರವನ್ನೂ ಅದನ್ನು ಬರೆದವನ ಪಾತ್ರವನ್ನೂ ಒಬ್ಬನೇ ನಟ ಮಾಡುತ್ತಾನೆ. ಬರೆದವನ ಮುಖವೇ ಪ್ರೋಗ್ರಾಮಿನ ಮುಖ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

1994ರಲ್ಲಿ ಕೆನಡಾದಿಂದ ಬಂದ 'ರೀಬೂಟ್' ಎಂಬ ಟಿ.ವಿ. ಧಾರಾವಾಹಿ, ಪೂರ್ತಿ ಕಂಪ್ಯೂಟರಿನಲ್ಲೇ ಚಿತ್ರಿಸಿದ ಮೊದಲ ಅರ್ಧ ಗಂಟೆಯ ಧಾರಾವಾಹಿ. ಯಂತ್ರದೊಳಗಿನ ಆ ಪಟ್ಟಣದಲ್ಲಿ ಮೇಲೆ ಮನುಷ್ಯರೂಪದ ಚೆಲುವರು. ನಾಯಕ ನಾಯಕಿ, ಹೋಟೆಲಿನ ಒಡತಿ ಎಲ್ಲ ಅವರೇ. ಕೆಳಗೆ ಸೊನ್ನೆ ಮತ್ತು ಒಂದರ ಆಕಾರದ ಕುಳ್ಳ ಜನ, ಅವರು ದುಡಿಯುವವರು. ಇನ್ನೂ ಕೆಳಗೆ 'ನಲ್'ಗಳು, ಹುಳುವಿನಂತೆ ಹರಿದಾಡುವವು. ಮೇಲಿನ ಯೂಸರ್ ಒಂದು ಆಟ ಗೆದ್ದರೆ ಆಟದೊಳಗೆ ಸಿಕ್ಕಿಕೊಂಡವರೆಲ್ಲ ನಲ್‌ಗಳಾಗುತ್ತಾರೆ. ಹೀಗೆ ಮೆಟ್ಟಿಲು ಕಟ್ಟುವುದನ್ನು ಮಾನ್ವಿಗೆ ಕೆನಡಾದವರು ಹೇಳಿಕೊಡಬೇಕಾಗಿಲ್ಲ. ಮಾನ್ವಿಯ ಜಗನ್ನಾಥದಾಸರು 'ಹರಿಕಥಾಮೃತಸಾರ'ದಲ್ಲಿ ತಾರತಮ್ಯಕ್ಕೆ ಸಂಧಿಗಳನ್ನೇ ಮೀಸಲಿಟ್ಟರು, ಏರುವ ಲೆಕ್ಕ ಒಂದು, ಇಳಿಯುವ ಲೆಕ್ಕ ಇನ್ನೊಂದು. ದಾಸರ ಕನ್ನಡದ ಸೊಗಸಿನ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಮೆಟ್ಟಿಲಿನ ಮೇಲೆ. ಆದರೂ 'ರೀಬೂಟ್' ಒಂದು ಕಡೆ ದಾಸರನ್ನು ದಾಟುತ್ತದೆ: ಅಲ್ಲಿ ಯಾರೂ ಹುಟ್ಟಿನಿಂದ ನಲ್ ಅಲ್ಲ. ನಾಯಕಿಯ ತಂದೆಯೇ ನಲ್ ಆಗಿಹೋಗಿದ್ದಾನೆ. ನೀವು ಮುಟ್ಟಲು ಅಸಹ್ಯಪಡುವ ಆ ಹುಳ ನಿಮ್ಮಪ್ಪ ಇರಬಹುದು ಎಂದು ಮಕ್ಕಳ ಕಥೆಯೊಂದು ಹೇಳಿದ್ದು ಸಣ್ಣ ಮಾತಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. 2012ರ 'ರೆಕ್-ಇಟ್ ರಾಲ್ಫ್', ಇದೂ ಡಿಸ್ನಿಯದೇ, ನಿರ್ದೇಶಕ ರಿಚ್ ಮೂರ್. ನಾಣ್ಯ ಹಾಕಿ ಆಡುವ ಆಟದ ಪೆಟ್ಟಿಗೆಗಳೊಳಗಿನ ಜನರ ಕಥೆ. ರಾಲ್ಫನ ಕೆಲಸ ಮನೆ ಒಡೆಯುವುದು. ಫೀಲಿಕ್ಸ್ ಅಪ್ಪನಿಂದ ಬಂದ ಚಿನ್ನದ ಸುತ್ತಿಗೆಯಿಂದ ಆ ಮನೆ ದುರಸ್ತಿ ಮಾಡುತ್ತಾನೆ. ಅವನಿಗೆ ಪದಕ, ರಾಲ್ಫನಿಗೆ ದಿನಾ ಮಾಳಿಗೆಯಿಂದ ಕೆಸರಿಗೆ ಎಸೆತ. ಆಟ ಮುಗಿದ ಮೇಲೆ ಊರವರು ಮಹಡಿ ಮನೆಗೆ, ರಾಲ್ಫ್ ಊರಾಚೆಯ ಇಟ್ಟಿಗೆ ತಿಪ್ಪೆಗೆ. ಆಟಕ್ಕೆ 30 ವರ್ಷ ತುಂಬಿದ ಹಬ್ಬದ ಊಟಕ್ಕೆ ಅವನಿಗೆ ಕರೆಯಿಲ್ಲ. ತಾನೇ ಹೋಗಿ ಬಾಗಿಲಲ್ಲಿ ನಿಂತರೆ ಒಳಗಿನವರ ಮುಖ ನೋಡಬೇಕು. ಆ ಮುಖಗಳನ್ನು ನಾವು ಬಲ್ಲೆವು. ಹೋಟೆಲಿನ ಬೇರೆ ಲೋಟ ಬಲ್ಲವರಿಗೆ ಈ ದೃಶ್ಯದ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಮುಂದೆ ಚಿತ್ರ ಜಾರುತ್ತದೆ. ಆಟಗಳ ಖಳರೆಲ್ಲ ಒಂದೆಡೆ ಸೇರಿ, ಕೆಟ್ಟವರಾಗಿರುವುದೇ ತಮ್ಮ ಪಾಲು, ಅದನ್ನು ಒಪ್ಪಿಕೊಂಡು ಬಾಳೋಣ ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಾರೆ. ಇದು ಸ್ವಧರ್ಮದ ಪಾಠವಲ್ಲದೆ ಮತ್ತೇನು? ತನ್ನ ಆಟ ಬಿಟ್ಟು ಬೇರೆ ಆಟಕ್ಕೆ ನುಗ್ಗಿದ ಟರ್ಬೋ ಎಂಬವನಿಂದ ಎರಡೂ ಪೆಟ್ಟಿಗೆ ಹಾಳಾದವು ಎಂಬ ಕಥೆಯನ್ನು ಎಲ್ಲರೂ ಹೆದರಿಕೆಯಿಂದ ಹೇಳುತ್ತಾರೆ. ವರ್ಣಸಂಕರದ ಭಯ ನೋಡಿ, ಸಂಸ್ಕೃತ ಬಾರದವರ ಬಾಯಲ್ಲೂ ಇದೆ. ಜಾಗ ಬಿಟ್ಟು ಕದಲಿದವನೇ ಇಲ್ಲಿ ದೊಡ್ಡ ಖಳ. ಇನ್ನು ಆ ಪುಟ್ಟ ಹುಡುಗಿ ವೆನೆಲ್ಲೊಪಿ. ದೋಷ ಎಂದು ಎಲ್ಲರೂ ಅವಳನ್ನು ಹೊರಗಿಟ್ಟಿದ್ದಾರೆ, ಪಂದ್ಯಕ್ಕೆ ಸೇರಿಸುವುದಿಲ್ಲ. ಕೊನೆಗೆ ಅವಳೇ ಆ ರಾಜ್ಯದ ನಿಜವಾದ ರಾಜಕುಮಾರಿ ಎಂದು ಗೊತ್ತಾಗುತ್ತದೆ. ಅವಳು ಉದ್ದಲಂಗ ಕಿತ್ತೆಸೆದು, ರಾಣಿ ಅಲ್ಲ ಅಧ್ಯಕ್ಷೆ ಅನ್ನುತ್ತಾಳೆ, ಅದಕ್ಕೆ ನಮ್ಮ ಶಭಾಶ್. ಆದರೆ ಹೊರಗಿಟ್ಟವಳಿಗೆ ಮರ್ಯಾದೆ ಸಿಗಲು ಅವಳು ಅರಮನೆಯಲ್ಲಿ ಹುಟ್ಟಿರಲೇಬೇಕಿತ್ತೆ? ಬರೇ ದೋಷವಾಗಿಯೇ ಉಳಿದಿದ್ದರೆ?

ರಾಲ್ಫನಿಗೆ ಸಿಕ್ಕಿದ್ದೇನು? ಊರವರು ಕೇಕು ಕೊಟ್ಟರು. ಮನೆ ಕಳಕೊಂಡ ಬೇರೆ ಆಟಗಳವರಿಗೆ ಅವನೇ ಮನೆ ಕಟ್ಟಿದ. ಕೆಲಸ? ಅದೇ ಒಡೆಯುವುದು, ಅದೇ ಕೆಸರು. ಎಸೆಯುವ ಮೊದಲು ಎತ್ತಿ ಹಿಡಿದಾಗ ಗೆಳತಿಯ ಪಂದ್ಯ ದೂರದಿಂದ ಕಾಣುತ್ತದೆ ಎಂಬುದೇ ಅವನ ಸುಖ. ಹೃದಯ ಪರಿವರ್ತನೆ ಆಯಿತು, ದುಡಿಮೆಯ ಹಂಚಿಕೆ ಕದಲಲಿಲ್ಲ. ಅಂಬೇಡ್ಕರ್ ಅವರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಈ ಹಂಚಿಕೆಯ ಬುಡಕ್ಕೆ ಕೈಹಾಕಿದ್ದರು. ಡಿಸ್ನಿಯವರಿಗೆ ಅಲ್ಲಿಯವರೆಗೆ ಬರಲು ಧೈರ್ಯ ಇರಲಿಲ್ಲ. ಧೈರ್ಯದ ಬೀಜ ಚಿತ್ರದೊಳಗೇ ಇತ್ತು ಎಂಬುದು ನಮ್ಮ ಬೇಸರ: ರಾಲ್ಫ್ ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಆಟವೇ ನಿಲ್ಲುತ್ತದೆ, ಪೆಟ್ಟಿಗೆಯ ಮೇಲೆ ಕೆಟ್ಟಿದೆ ಎಂಬ ಚೀಟಿ ಬೀಳುತ್ತದೆ, ಮಹಡಿಯವರು ಗಂಟುಮೂಟೆ ಕಟ್ಟುತ್ತಾರೆ. ಹಲಗೆ ಬಡಿಯಲು, ಸತ್ತ ದನ ಎಳೆಯಲು ಒಲ್ಲೆವು ಅಂದ ಕೇರಿಗಳಿಗೆ ಬಹಿಷ್ಕಾರ ಯಾಕೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಬೇಕಿಲ್ಲ. ಆ ಬಲವನ್ನು ತೋರಿಸಿದ ಚಿತ್ರ ಅದಕ್ಕೆ ಹೆದರಿ ರಾಲ್ಫನನ್ನು ವಾಪಸು ಕೆಲಸಕ್ಕೆ ಕಳಿಸಿತು.

ಇವೆಲ್ಲ ಮಕ್ಕಳ ಸಿನಿಮಾ, ಇಷ್ಟು ಸಿಟ್ಟು ಯಾಕ್ರಿ ಎಂದು ಕೇಳುವವರಿದ್ದಾರೆ. ದೇವದುರ್ಗವನ್ನು 2002ರ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕು ಎಂದು ಬರೆಯಿತು. ಅಲ್ಲಿನ ದೊಡ್ಡಿ-ತಾಂಡಾಗಳಿಂದ ಬೆಂಗಳೂರಿಗೆ ಗುಳೆ ಹೋದವರು ಗಾಜಿನ ಕಟ್ಟಡ ಕಟ್ಟಿ, ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಶಕ್ತಿನಗರದ ಕರೆಂಟು 1985ರಿಂದ ಊರೂರಿಗೆ ಹರಿದಿದೆ, ಬೂದಿ ರಾಯಚೂರಿಗೆ ಉಳಿದಿದೆ. ಅಮೆರಿಕದ ಕಂಪ್ಯೂಟರ್ ಕಂಪನಿಯೊಳಗೂ ಕೇರಿ ಇದೆಯೇ ಎಂಬ ಪ್ರಶ್ನೆ 2020ರಲ್ಲಿ ಕೋರ್ಟಿಗೇ ಹೋಯಿತು: ದಲಿತ ಇಂಜಿನಿಯರನೊಬ್ಬನ ಪರವಾಗಿ ಕ್ಯಾಲಿಫೋರ್ನಿಯ ಸರ್ಕಾರದ ಇಲಾಖೆ ಸಿಸ್ಕೊ ಮೇಲೆ ದಾವೆ ಹೂಡಿತು. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯದ ವಿರುದ್ಧ ಕಾಯಿದೆಯನ್ನೇ ಮಾಡಿತು. ಸೊನ್ನೆ-ಒಂದರ ಮಂದಿ ಇದಕ್ಕೇನಂತಾರೆ?

ರಾಯಚೂರಿಗೆ 2019ರಲ್ಲಿ ಐಐಐಟಿ ಮಂಜೂರಾಗಿ ಪಾಠ ಶುರುವಾಗಿದೆ. ಪ್ರೋಗ್ರಾಮು ಬರೆಯುವುದನ್ನು ಅಲ್ಲಿ ಕಲಿಸುತ್ತಾರೆ. ಬರೆದವನ ಮುಖವೇ ಪ್ರೋಗ್ರಾಮಿನ ಮುಖ ಎಂಬ ಮಾತು ನಿಜವಾದರೆ, ದೇವದುರ್ಗ, ಮಾನ್ವಿಯ ಹಾಸ್ಟೆಲ್ ಹುಡುಗ ಹುಡುಗಿಯರ ಮುಖ ಯಾವ ಯಂತ್ರದೊಳಗೆ ಮೂಡಿದೆ? ರಾಲ್ಫ್ ತಿರುಗಿ ಬಾರದ ಕಥೆಯನ್ನು ಅವರಲ್ಲಿ ಯಾರಾದರೂ ಬರೆಯಲಿ. ಹಾಳೆಯ ಒಂದೇ ಮಗ್ಗುಲಿಗೆ, ತಮ್ಮ ಮನಿ ಮಾತಿನಾಗ. ಕಾಗುಣಿತ ತಿದ್ದದೆ ಅಚ್ಚು ಹಾಕುತ್ತೇವೆ.